ಹೊಸ ಹಗ್ಗ, ಹಳೆ ಬಾವಿ

ಮೊನ್ನೆ ಅಕ್ಕನ ಮಗ ಬಂದಿದ್ದ. ಕರಾವಳಿ ಕಡೆ ದೋಣಿ, ಜಲಕ್ರೀಡೆ ಅಂತ ಕೆಲಸ ಮಾಡೋ ಮಾಣಿ. ರಜೆಗೆ ಬಂದವ ಊಟಕ್ಕೂ ಕೂರದೆ ಚೀಲದಿಂದ ಕೆಂಪು, ಹಳದಿ, ಹಸಿರು ಬಣ್ಣದ ಹಗ್ಗದ ಸುರುಳಿ ತೆಗೆದ.

"ಚಿಕ್ಕಿ, ಅಂಗಳ ಖಾಲಿ ಇದ್ದಾ? ಹಗ್ಗ ಎಳಿಯವು."

"ಅಡಕೆ ಒಣಗ್ಸಕ್ಕೇ ಜಾಗ ಇಲ್ಲೆ, ನಿಂದೆಂತ ಮಾರಾಯಾ ಹಗ್ಗ ಎಳೆಯದು?" ಅಂದೆ.

ಅದು ವಾಟರ್ ಸ್ಕೀಯಿಂಗ್ ಹಗ್ಗ ಅಂತೆ. ಮುಂದೆ ಮೋಟಾರು ದೋಣಿ ಓಡ್ತದೆ, ಹಿಂದೆ ಕಾಲಿಗೆ ಹಲಗೆ ಕಟ್ಟಿಕೊಂಡವ ಈ ಹಗ್ಗದ ಹಿಡಿಕೆ ಹಿಡಿದು ನೀರಿನ ಮೇಲೆ ಜಾರ್ತಾನೆ. ಹೊಸ ಹಗ್ಗವನ್ನ ಹಾಗೇ ನೀರಿಗೆ ಒಯ್ಯೋ ಹಾಗಿಲ್ಲ. ಮೊದಲು ಪಳಗಿಸಬೇಕು, ಆಮೇಲೆ ಅಳೀಬೇಕು.

ಈ ಮಾತು ಕೇಳಿದ್ದೇ ನನಗೆ ನಮ್ಮ ಮಾವಯ್ಯನ ನೆನಪಾತು. ಅವರು ತೀರಿಕೊಂಡು ಎಷ್ಟೋ ವರ್ಷ ಆದ್ರೂ, ಅದೇ ಮಾತು ಅದೇ ಅಂಗಳದಲ್ಲಿ! ಹಾಗಾಗಿ ಈ ಸಲ ಹಗ್ಗದ ಕತೆಯನ್ನೇ ಬರೆಯೋಣ ಅನ್ನಿಸ್ತು.

ನಮ್ಮನೆ ಹೊನ್ನೆಮರಡಿನ ಹತ್ತಿರ. ಸಾಗರದಿಂದ ಜೋಗದ ದಾರಿಲಿ ಬಂದು ಎಡಕ್ಕೆ ತಿರುಗಿದ್ರೆ ಸಿಗೋ ಊರು. ಹೊನ್ನೆ ಮರ ಇದ್ದ ಗುಡ್ಡ, ಅದಕ್ಕೇ ಹೊನ್ನೆಮರಡು ಅಂತ ಮಾವಯ್ಯ ಹೇಳ್ತಿದ್ರು. ಈಗ ಇಲ್ಲಿಗೆ ಬರೋರು ಗುಡ್ಡ ನೋಡೋಕೆ ಬರಲ್ಲ, ನೀರು ನೋಡೋಕೆ ಬರ್ತಾರೆ. ತೆಪ್ಪ, ಕಯಾಕ್, ನಡುಗಡ್ಡೆಲಿ ಟೆಂಟು. ಆದ್ರೆ ಈ ನೀರು ದೇವರು ಕೊಟ್ಟ ಕೆರೆ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿಂದೆ ಸರಿದು, ಸುಮಾರು 300 ಚದರ ಕಿಲೋಮೀಟರ್ ಜಾಗ ತುಂಬಿಕೊಂಡು ನಿಂತ ನೀರು. ಸಾಗರ, ಹೊಸನಗರ ತಾಲೂಕಿನ ಎಷ್ಟೋ ಊರು, ತೋಟ, ಗದ್ದೆ ಇದರಡಿ ಇದೆ. ಅದಕ್ಕಿಂತ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿ ಹೋತು. 1948ರಲ್ಲಿ ಜೋಗದಲ್ಲಿ ಕರೆಂಟು ತಯಾರು ಮಾಡೋಕೆ ಶುರು ಮಾಡಿದಾಗ ನೀರು ಕೊಟ್ಟಿದ್ದು ಅದೇ ಅಣೆಕಟ್ಟು. ಬೇಸಿಗೆಲಿ ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣ್ತದೆ. ಮುಳುಗಿದ ಮರದ ಬೊಡ್ಡೆಗಳೂ ಕಾಣ್ತವೆ.

ಮಾವಯ್ಯ ಹುಟ್ಟಿ ಬೆಳೆದ ಮನೆ ಈ ನೀರಿನಡಿಯಲ್ಲೇ ಇದೆ. ಗುಡ್ಡದ ಓರೆಲಿ ಇದ್ದ ಮನೆ, ಆಳದ ಬಾವಿ. ಮನೆ ಬಿಡುವಾಗ ಬಾಗಿಲು, ತೊಲೆ, ಹಂಚು, ಬೀಸೋಕಲ್ಲು ಎಲ್ಲ ಗಾಡಿಗೆ ಹೇರಿದ್ರಂತೆ. ಬಾವಿ ತರೋಕೆ ಆಗಲ್ಲವಲ್ಲ. ಮಾವಯ್ಯ ಬಾವಿಯ ಹಗ್ಗ ಬಿಚ್ಚಿ ತಂದ್ರು.

ನಾನು ಪಿಯುಸಿ ಮುಗಿಸಿ ಮದುವೆಯಾಗಿ ಈ ಮನೆಗೆ ಬಂದಿದ್ದು 1990ರಲ್ಲಿ. ಅಡುಗೆಮನೆ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ನಾರಿನ ಹಗ್ಗದ ಸುರುಳಿ ನೇತಾಡ್ತಿತ್ತು. ಯಾವುದಕ್ಕೂ ಬಳಸ್ತಿರ್ಲಿಲ್ಲ. ಮರುವರ್ಷ ಕರು ಹಾಕಿದಾಗ ಕಟ್ಟೋಕೆ ಕಣ್ಣಿ ಬೇಕಿತ್ತು. ನಾನು ಆ ಸುರುಳಿ ಇಳಿಸಿ, ಕತ್ತಿ ತಗೊಂಡು ನಾಲ್ಕು ತುಂಡು ಮಾಡಿ, ಒಂದರಲ್ಲಿ ಕರು ಕಟ್ಟಿದೆ. ಉಳಿದದ್ದು ಹೊರೆ ಕಟ್ಟೋಕೆ ಹೋತು.

ಸಂಜೆ ಕೊಟ್ಟಿಗೆಗೆ ಬಂದ ಮಾವಯ್ಯ ಆ ಕಣ್ಣಿಯನ್ನ ಸುಮಾರು ಹೊತ್ತು ನೋಡಿದ್ರು. ಆಮೇಲೆ "ಹೋಗ್ಲಿ ಬಿಡು ಕೂಸೇ, ನಿಂಗೆ ಗೊತ್ತಿತ್ತಿಲ್ಲೆ. ಅದು ಆ ಬಾವಿ ಅಳತೆ ಆಗಿತ್ತು" ಅಂದ್ರು. ಅಷ್ಟೇ. ಬೈದಿದ್ರೆ ಇಷ್ಟು ವರ್ಷ ನನಗೆ ಚುಚ್ಚುತ್ತಿರಲಿಲ್ಲವೇನೋ.

ಆಮೇಲೆ ನಮ್ಮನೆ ಬಾವಿಗೆ ಹೊಸ ಹಗ್ಗ ತಂದಾಗಲೆಲ್ಲ ಅವರು ಮಾಡೋದನ್ನ ಗಮನ ಇಟ್ಟು ನೋಡ್ತಿದ್ದೆ. ಹೊಸ ಹಗ್ಗವನ್ನ ಒಂದು ರಾತ್ರಿ ನೀರಲ್ಲಿ ನೆನೆಸೋರು. ಬೆಳಿಗ್ಗೆ ಹಲಸಿನ ಮರಕ್ಕೆ ಒಂದು ತುದಿ ಕಟ್ಟಿ, ಇನ್ನೊಂದು ತುದಿಗೆ ಭಾರ ಬಿಟ್ಟು ಎಳೆದು ಕಟ್ಟೋರು. ಹುರಿ ಬಿಚ್ಚಿ ಗಂಟಾಗೋದು ಇದ್ರೆ ಆಗಲೇ ಗೊತ್ತಾಗ್ತಿತ್ತು. ಎರಡು ಮೂರು ಸಲ ನೆನೆಸಿ ಒಣಗಿಸಿ ಎಳೆದ ಮೇಲೇ ಅಳತೆ. "ಹೊಸ ಹಗ್ಗದ ಅಳತೆ ಸುಳ್ಳು. ನೀರು ಕುಡಿಯವು, ಭಾರ ಹೊರವು, ಆಮೇಲೆ ಅಳೆಯವು" ಅಂತಿದ್ರು. ಅಳೆಯೋದು ಮಾರಿನಲ್ಲಿ. ಎರಡೂ ಕೈ ಅಗಲಿಸಿದ್ರೆ ಒಂದು ಮಾರು. ಮೊಣಕೈಯಿಂದ ಬೆರಳ ತುದಿಗೆ ಮೊಳ. ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು.

ಇದರಲ್ಲಿ ಕಾರಣ ಇದೆ. ಹಗ್ಗ ಅಂದ್ರೆ ಎಳೆಗೆ ಎಳೆ ಸೇರಿಸಿ ಹೊಸೆದದ್ದು. ಹೊಸದರಲ್ಲಿ ಎಳೆಗಳ ನಡುವೆ ಸಡಿಲ ಇರ್ತದೆ. ಭಾರ ಬಿದ್ದ ಮೇಲೆ ಅವು ಒಂದಕ್ಕೊಂದು ಒತ್ತಿ ಕೂರ್ತವೆ, ಹಗ್ಗ ಸಪೂರ ಆಗಿ ಉದ್ದ ಆಗ್ತದೆ. ಹತ್ತಿ, ಸೆಣಬಿನ ಹಗ್ಗ ಒದ್ದೆಯಾದ್ರೆ ಉಲ್ಟಾ. ನೂಲು ಉಬ್ಬಿ, ಹುರಿ ಬಿಗಿಯಾಗಿ, ಉದ್ದ ಕಮ್ಮಿ ಆಗ್ತದೆ. ಬಟ್ಟೆ ಒಣಗಿಸೋ ಹತ್ತಿ ಹಗ್ಗ ಮಳೆಗೆ ಟಿಂಗ್ ಅಂತ ಬಿಗಿದುಕೊಳ್ಳೋದು ನಾವೆಲ್ಲ ನೋಡಿದ್ದೇ.

ಹೀಗೆ ಹಿಗ್ಗೋ ಕುಗ್ಗೋ ಹಗ್ಗದಲ್ಲಿ ಜಮೀನು ಅಳೆದ್ರೆ ಜಗಳ ಆಗದೆ ಇರ್ತದಾ? ನಮ್ಮ ಸೀಮೆಲಿ ಜಮೀನಿನ ಲೆಕ್ಕ ಹಳೇದು. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಮಣ್ಣು ನೋಡಿ ಐದು ತರಗತಿ ಮಾಡಿ ಕಂದಾಯ ಗೊತ್ತು ಮಾಡಿದ. ಅದೇ ಶಿವಪ್ಪನಾಯಕನ ಶಿಸ್ತು. ಬ್ರಿಟಿಷರ ಕಾಲಕ್ಕೆ ಮೋಜಣಿಗೆ ಕಬ್ಬಿಣದ ಸರಪಳಿ ಬಂತು. ಕಬ್ಬಿಣ ನೀರು ಕುಡಿಯಲ್ಲವಲ್ಲ. 33 ಅಡಿಯ ಸರಪಳಿಗೆ 16 ಆಣೆ ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ ಒಂದು ಗುಂಟೆ, 1089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಪಹಣಿಲಿ ಎಕರೆ, ಗುಂಟೆ ಅಂತ ನಾವು ಈಗಲೂ ಓದೋದು ಆ ಸರಪಳಿಯ ಲೆಕ್ಕವನ್ನೇ. 1956ರ ಕಾನೂನು ಬಂದು, 1958ರ ಅಕ್ಟೋಬರಿಂದ ಮೆಟ್ರಿಕ್ ಪದ್ಧತಿ ಶುರುವಾದ್ರೂ ಲಿಂಗನಮಕ್ಕಿ ನೀರನ್ನ ಇವತ್ತಿಗೂ ಪೇಪರಿನವರು ಅಡಿಲೇ ಹೇಳ್ತಾರೆ. ತುಂಬಿದ್ರೆ 1819 ಅಡಿ. ಆ ಒಂದು ಅಂಕೆ ಮೇಲೇ ಯಾರ ಮನೆ ಉಳೀಬೇಕು, ಯಾರದು ಮುಳುಗಬೇಕು ಅಂತ ತೀರ್ಮಾನ ಆಗಿದ್ದು.

ಈಗ ಮಾಣಿ ಹಗ್ಗಕ್ಕೆ ಬರ್ತೆ. ಈ ಆಟ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಮಿನ್ನೆಸೋಟದ ಪೆಪಿನ್ ಅನ್ನೋ ಸರೋವರದಲ್ಲಿ. ರಾಲ್ಫ್ ಸ್ಯಾಮುಯೆಲ್ಸನ್ ಅಂತ ಹದಿನೆಂಟರ ಹುಡುಗ. ಹಿಮದ ಮೇಲೆ ಜಾರಿದ ಹಾಗೆ ನೀರಿನ ಮೇಲೂ ಜಾರಬಹುದು ಅಂತ ಅವನ ಹಟ. ಎಂಟು ಅಡಿ ಉದ್ದದ ಎರಡು ಹಲಗೆ ತಂದು, ಅವುಗಳ ತುದಿಯನ್ನ ಅಮ್ಮನ ತಾಮ್ರದ ಹಂಡೆಲಿ ಕುದಿಸಿ ಮೆತ್ತಗೆ ಮಾಡಿ ಮೇಲಕ್ಕೆ ಬಗ್ಗಿಸಿದ. ಕಿಟಕಿಗೆ ಬಳಸೋ ಹಗ್ಗದಲ್ಲಿ ಸುಮಾರು 100 ಅಡಿ ತಗೊಂಡು, ತುದಿಗೆ ಕಬ್ಬಿಣದ ಬಳೆ ಹಾಕಿ ಹಿಡಿಕೆ ಮಾಡಿದ. ಅಣ್ಣ ದೋಣಿ ಓಡಿಸಿದ. ಬಿದ್ದು ಬಿದ್ದು ಕೊನೆಗೆ ನಿಂತ. ಆ ಅಮ್ಮನ ಹಂಡೆ ಏನಾತು ಅನ್ನೋದೇ ನನಗೆ ಚಿಂತೆ!

ಆಗಿನ ಹಗ್ಗ ನೀರು ಕುಡಿದು ಭಾರ ಆಗ್ತಿತ್ತು. ಆಮೇಲೆ 1935ರಲ್ಲಿ ನೈಲಾನ್ ಬಂತು. ಗಟ್ಟಿ, ಆದ್ರೆ ನೀರಲ್ಲಿ ಮುಳುಗ್ತದೆ, ಎಳೆದ್ರೆ ರಬ್ಬರಿನ ಹಾಗೆ ಹಿಗ್ಗಿ ವಾಪಸ್ ಹೊಡೀತದೆ. 1954ರಲ್ಲಿ ಇಟಲಿಯ ನಟ್ಟಾ ಅನ್ನೋ ವಿಜ್ಞಾನಿ ಪಾಲಿಪ್ರೊಪಿಲೀನ್ ತಯಾರಿಸಿದ. ಅದು ನೀರಿಗಿಂತ ಹಗುರ, ತೇಲ್ತದೆ. ನೀರಿನ ಕೆಲಸದ ಹಗ್ಗಕ್ಕೆ ಈ ಜಾತಿಯ ನೂಲು ಹೇಳಿ ಮಾಡಿಸಿದ್ದು. ತೇಲಿದ್ರೆ ಕಣ್ಣಿಗೆ ಕಾಣ್ತದೆ, ಮೋಟಾರಿನ ಚಕ್ರಕ್ಕೆ ಸಿಕ್ಕೋದು ಕಮ್ಮಿ.

ಸ್ಪರ್ಧೆಲಿ ದೋಣಿ ನೆಟ್ಟಗೆ ಹೋಗ್ತದೆ. ಆಚೆ ಈಚೆ ಒಟ್ಟು ಆರು ಬುರುಡೆ ತೇಲ್ತಿರ್ತವೆ, ದೋಣಿ ಹಾದಿಯ ನಡುವಿಂದ 11.5 ಮೀಟರ್ ದೂರದಲ್ಲಿ. ಆಡೋವ ಒಂದೊಂದನ್ನೂ ಸುತ್ತಿ ಬರಬೇಕು. ಗೆದ್ದ ಹಾಗೆ ಹಗ್ಗ ಕಮ್ಮಿ ಮಾಡ್ತಾ ಹೋಗ್ತಾರೆ: 18.25 ಮೀಟರ್, 16, 14.25, 13, 12, ಆಮೇಲೆ 11.25. ನೋಡಿ, ಇಲ್ಲಿ ಹಗ್ಗ ಬುರುಡೆಯ ದೂರಕ್ಕಿಂತ ಕಮ್ಮಿ ಆತು! ಉಳಿದದ್ದನ್ನ ಆಡೋವ ಮೈ ಬಗ್ಗಿಸಿ, ಕೈ ಚಾಚಿ ತುಂಬಿಸಬೇಕು. ಇಂಥಲ್ಲಿ ಹಗ್ಗ ನಾಲ್ಕು ಬೆರಳು ಹಿಗ್ಗಿದ್ರೂ ಅದು ಮೋಸದ ಆಟ ಆಗ್ತದೆ. ಬಣ್ಣ ಬಣ್ಣ ಇರೋದು ಚಂದಕ್ಕಲ್ಲ, ಎಲ್ಲಿಗೆ ಎಷ್ಟು ಅಂತ ಗುರುತಿಗೆ.

ಸರಿ, ಅಡಿಕೆ ಒತ್ತರಿಸಿ ಅಂಗಳ ಬಿಟ್ಟುಕೊಟ್ಟೆ. ಒಂದು ತುದಿ ಹಲಸಿನ ಮರಕ್ಕೆ. ಇನ್ನೊಂದು ತುದಿಯನ್ನ ಬಾವಿಯ ಹಳೆ ರಾಟೆ ಮೇಲೆ ಹಾಯಿಸಿ ಭಾರ ಇಳಿಬಿಟ್ಟ. 20 ಕೆ.ಜಿ. ಬೇಕು ಅಂದ, ಅಡಿಕೆ ತೂಗಿ ಚೀಲ ಕಟ್ಟಿಕೊಟ್ಟೆ. ಮೊದಲು ಅಳೆದಾಗ ಸರಿಯಾಗಿ 18.25 ಮೀಟರ್. ಆಮೇಲೆ ಮೂರು ಸಲ ಕೊಡದಲ್ಲಿ ನೀರು ಹೊಯ್ದು, ಎಳೆದು, ಬಿಟ್ಟು, ಸಂಜೆ ಅಳೆದ್ರೆ 18.33. ಎಂಟು ಸೆಂಟಿಮೀಟರ್ ಬೆಳೆದಿತ್ತು! ಮಾಣಿ ಕುಣಿಕೆಯ ಹೆಣಿಗೆ ಬಿಚ್ಚಿ ಮತ್ತೆ ಹೆಣೆದು ಸರಿ ಮಾಡಿದ.

ಅವನ ಟೇಪು ನೋಡಿದಾಗ ನನಗೊಂದು ಯೋಚನೆ ಬಂತು. ಆ ಮುಳುಗಿದ ಬಾವಿಗೆ "ಒಂಬತ್ತು ಮಾರು, ಒಂದು ಮೊಳ" ಹಗ್ಗ ಬೇಕಿತ್ತು ಅಂತ ಮಾವಯ್ಯ ಆಗಾಗ ಹೇಳಿದ್ದು ನನಗೆ ನೆನಪಿತ್ತು. ಆದ್ರೆ ಮಾರು ಅಂದ್ರೆ ಯಾರ ಮಾರು? ಅವರ ಕೈಯ್ಯದ್ದು. ಆ ಕೈ ಈಗ ಇಲ್ಲ. ನನ್ನ ಕೈಲಿ ಅಳೆದ್ರೆ ಸುಳ್ಳಾಗ್ತದೆ.

ಅಂಗಳದ ಚಪ್ಪರದ ಕಲ್ಲುಕಂಬ ಇದೆಯಲ್ಲ! ಅದನ್ನ ನೆಡಿಸುವಾಗ ಮಾವಯ್ಯ ಮೂರು ಮಾರಿಗೊಂದು ಅಂತ ತಾವೇ ಅಳೆದು ಗುಂಡಿ ತೋರಿಸಿದ್ದು ನಮ್ಮನೆಯವರಿಗೂ ಗೊತ್ತು. ಮಾಣಿ ಹತ್ತಿರ ಟೇಪು ಹಿಡಿಸಿದೆ. ಒಂದು ಕಂಬದಿಂದ ಇನ್ನೊಂದಕ್ಕೆ 5.25 ಮೀಟರ್. ಇನ್ನೆರಡು ಕಡೆ ಹಿಡಿದ್ರೂ ಒಂದೆರಡು ಬೆರಳಿನ ವ್ಯತ್ಯಾಸ ಅಷ್ಟೇ. ಅಂದ್ರೆ ಮಾವಯ್ಯನ ಒಂದು ಮಾರು 1.75 ಮೀಟರ್. ಒಂಬತ್ತು ಮಾರಿಗೆ 15.75. ಮೊಳಕ್ಕೆ ಒಂದು 45 ಸೆಂಟಿಮೀಟರ್ ಹಿಡಿದ್ರೆ 16.2 ಮೀಟರ್.

ಮಾಣಿ ತನ್ನ ಹಗ್ಗದ ಮೇಲೆ ಅಷ್ಟು ದೂರ ಅಳೆದು, ಅಲ್ಲಿ ಬೆರಳಿಟ್ಟು "ಇಷ್ಟು ಚಿಕ್ಕಿ" ಅಂದ. ಮರದ ಬುಡದಿಂದ ಅವನ ಬೆರಳಿನವರೆಗೆ ನೋಡಿದೆ. ಅತ್ತೆ ದಿನಾ ಇಷ್ಟು ಹಗ್ಗ ಸೇದಿ ನೀರು ತರ್ತಿದ್ರು ಅಂತ ಆಗ ಗೊತ್ತಾತು. ಬೆಳಗಿನ ಜಾವ, ಬಸುರಿಯಾಗಿದ್ದಾಗಲೂ. ಮುಳುಗಿದ ಮನೆ ಬಗ್ಗೆ ಮಾತಾಡುವಾಗ ಮಾವಯ್ಯ ಬಾವಿ ನೀರಿನ ರುಚಿ ಹೇಳ್ತಿದ್ರು. ಅತ್ತೆ ಒಂದು ದಿನವೂ ಆ ಬಾವಿ ಬೇಕಿತ್ತು ಅನ್ಲಿಲ್ಲ. ಅದಕ್ಕೆ ಕಾರಣ ಈ 16.2 ಮೀಟರ್ ಇರಬಹುದಾ ಅಂತ ಈಗ ಅನ್ನಿಸ್ತದೆ.

ಮಾರನೇ ದಿನ ಸಾಗರದ ಪೇಟೆಯಿಂದ ನಾರಿನ ಹಗ್ಗ ತರಿಸಿದೆ. ರಾತ್ರಿ ನೆನೆಸಿ, ಬೆಳಿಗ್ಗೆ ಎಳೆದು ಕಟ್ಟಿ, ಮೂರು ದಿನ ಪಳಗಿಸಿ, 16.2 ಮೀಟರಿಗೆ ಗಂಟು ಹಾಕಿ ಅಟ್ಟದಲ್ಲಿ ತೂಗಿದೀನಿ. ಇದು ಆ ಹಗ್ಗ ಅಲ್ಲ, ನನಗೂ ಗೊತ್ತು. ಅಳತೆ ಮಾತ್ರ ಅದೇ. ಇದನ್ನ ಕೊಯ್ಯಬಾರದು ಅಂತ ಸೊಸೆಗೆ ಹೇಳಿದೀನಿ, ಯಾಕೆ ಅಂತಲೂ ಹೇಳಿದೀನಿ. ನನಗೆ ಆಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಿಮ್ಮನೆ ಅಟ್ಟದಲ್ಲೂ ಕೆಲಸಕ್ಕೆ ಬಾರದ ಹಳೆ ಹಗ್ಗ ಇದ್ರೆ, ಕತ್ತಿ ತಗೊಳ್ಳೋ ಮೊದಲು ಹಿರಿಯರ ಹತ್ತಿರ ಒಂದು ಮಾತು ಕೇಳಿ. ಮತ್ತೆ ಬಾವಿಗೆ ಹೊಸ ಹಗ್ಗ ತಂದ್ರೆ ಮೊದಲು ನೀರು ಕುಡಿಸಿ, ಭಾರ ಹೊರಿಸಿ, ಆಮೇಲೆ ಅಳೀರಿ.