ಹಳೆಯ ಮಾತು, ಹೊಸ ಭೌತವಿಜ್ಞಾನ: ಕನ್ನಡದಲ್ಲಿ ಸಾಪೇಕ್ಷತೆ ಮತ್ತು ಕ್ವಾಂಟಮ್

ಆಧುನಿಕ ಭೌತವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಕೆಲಸ ತಡವಾಗಿ ಶುರುವಾಗಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಐನ್‌ಸ್ಟೈನ್ ಹೇಳಿದಂತೆ ಬಾಗುತ್ತದೆ ಎಂಬುದನ್ನು ಖಗೋಳವಿಜ್ಞಾನಿ ಎಡಿಂಗ್ಟನ್‌ರ ತಂಡ ಅಳೆದದ್ದು ಮರುವರ್ಷ, 1919ರ ಮೇ 29ರ ಸೂರ್ಯಗ್ರಹಣದಲ್ಲಿ. ಪತ್ರಿಕೆ ಎರಡು ವರ್ಷವಷ್ಟೇ ಬಾಳಿತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರ ಪುಸ್ತಕಗಳು ಬಂದವು, ಆರ್.ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು' ಬಂತು, ಶಿವರಾಮ ಕಾರಂತರು ಒಬ್ಬರೇ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಹಿರೋಷಿಮಾದ ನಂತರ ಪರಮಾಣು ಎಂಬ ಮಾತು ಸಂತೆಯವರೆಗೂ ತಲುಪಿದ ಕಾಲದಲ್ಲಿ ಜೆ.ಆರ್. ಲಕ್ಷ್ಮಣರಾಯರ 'ಪರಮಾಣು ಚರಿತ್ರೆ' ಆ ಭಯಕ್ಕೊಂದು ತಿಳಿವಳಿಕೆಯ ನೆಲೆ ಕೊಟ್ಟಿತು. ಇಷ್ಟರ ನಡುವೆ, ಕ್ವಾಂಟಮ್ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಇದ್ದರು. ಸೆಂಟ್ರಲ್ ಕಾಲೇಜಿನ ಬಿ.ಎಸ್. ಮಾಧವರಾಯರು ಬಾರ್ನ್‌ರ ಕ್ಷೇತ್ರ ಸಿದ್ಧಾಂತದ ಮೇಲೆ ಸಂಶೋಧನ ಲೇಖನ ಬರೆದರು. ಆ ಚರ್ಚೆ ನಡೆದದ್ದು ಇಂಗ್ಲಿಷಿನಲ್ಲಿ, ಉಳಿದದ್ದೂ ಇಂಗ್ಲಿಷಿನಲ್ಲಿ.

ಕನ್ನಡ ಈ ವಿಷಯವನ್ನು ನಿಜವಾಗಿ ದಕ್ಕಿಸಿಕೊಂಡದ್ದು ಮೈಸೂರಿನ ಬರಹಗಾರರ ಕೈಯಲ್ಲಿ. 1969ರಲ್ಲಿ ಮೊದಲ ಸಂಪುಟ ಕಂಡ ಕನ್ನಡ ವಿಶ್ವಕೋಶ ಅವರಿಗೆ ಗರಡಿಯಾಯಿತು. ಕೋಶದ ನಮೂದಿನಲ್ಲಿ ಅರ್ಥ ಜಾರುವ ಪದಕ್ಕೆ ಎಡೆಯಿಲ್ಲ. ಒಂದು ಕಲ್ಪನೆಯನ್ನು ನಾಲ್ಕು ಸಾಲಿನಲ್ಲಿ ಹೇಳಬೇಕಾದಾಗ ಬರೆಯುವವನಿಗೆ ಅದು ಅರ್ಥವಾಗಿದೆಯೋ ಇಲ್ಲವೋ ಬಯಲಾಗುತ್ತದೆ. ವಿಜ್ಞಾನ ವಿಭಾಗವನ್ನು ನೋಡಿಕೊಂಡ ಜಿ.ಟಿ. ನಾರಾಯಣರಾವ್ (1926–2008) ಮಡಿಕೇರಿಯವರು, ಗಣಿತದ ಮೇಷ್ಟ್ರು, ಕರ್ನಾಟಕ ಸಂಗೀತದ ಗಟ್ಟಿ ಕೇಳುಗ. ಐನ್‌ಸ್ಟೈನ್, ಖಗೋಳವಿಜ್ಞಾನಿ ಚಂದ್ರಶೇಖರ್, ಸೂಪರ್‌ನೋವಾ, ಕೃಷ್ಣವಿವರ ಇವೆಲ್ಲದರ ಮೇಲೂ ಬರೆದರು. ಸಂಸ್ಕೃತ ಹೆಚ್ಚಾಯಿತೆಂದು ಅವರ ಗದ್ಯವನ್ನು ದೂರುವವರಿದ್ದಾರೆ. ಆದರೆ ಆ ಗದ್ಯ ವಾದದ ಒಂದು ಮೆಟ್ಟಿಲನ್ನೂ ಹಾರುವುದಿಲ್ಲ, ಕನ್ನಡದ ವಿಜ್ಞಾನ ಬರಹದಲ್ಲಿ ಅಷ್ಟು ಪ್ರಾಮಾಣಿಕವಾದ ಗದ್ಯ ಮತ್ತೆ ಸುಲಭವಾಗಿ ಸಿಗದು. ಅಂಥ ಗದ್ಯದಲ್ಲಿ ಚಂದ್ರಶೇಖರ್ ಮಿತಿಯನ್ನು ವಿವರಿಸುವುದೆಂದರೆ, ಸೂರ್ಯನ ಸುಮಾರು 1.4 ಪಟ್ಟು ರಾಶಿಯನ್ನು ಮೀರಿದ ಶ್ವೇತಕುಬ್ಜ (ಇಂಧನ ತೀರಿದ ಪುಟ್ಟ ನಕ್ಷತ್ರ) ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ ಎಂದು ಘೋಷಿಸಿ ಮುಗಿಸುವುದಲ್ಲ. ಕುಸಿತವನ್ನು ಅಲ್ಲಿಯವರೆಗೆ ತಡೆದು ನಿಲ್ಲಿಸಿದ್ದು ಯಾವುದು ಎಂಬಲ್ಲಿಂದ ಹೊರಡುವುದು.

ಸಾಪೇಕ್ಷತೆಯ ವಿವರಣೆಗಳಲ್ಲಿ ಇಂದಿಗೂ ರೈಲು, ಗಡಿಯಾರ, ಆಕಾಶನೌಕೆ ಹತ್ತಿ ಹೋದ ಅವಳಿ ಸಹೋದರ ಇವೇ ತಿರುಗುತ್ತವೆ. ಅದಕ್ಕಿಂತ ಹತ್ತಿರದ ಸಾಕ್ಷಿ ಹೊಲದಲ್ಲೇ ಇದೆ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ನಿಂತ ಮ್ಯೂಆನಿನ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕೇ ಓಡಿದರೂ 660 ಮೀಟರ್ ದಾಟದು. ಹಾಗಾದರೆ ಅವು ಹೆಚ್ಚುಕಡಿಮೆ ಎಲ್ಲವೂ ಮೇಲೆಯೇ ಸಾಯಬೇಕಿತ್ತು. ಆದರೂ ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯ ಜೋಳದ ಹೊಲದಲ್ಲಿ ಅಂಗೈ ಚಾಚಿದರೆ, ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದರಂತೆ ಮ್ಯೂಆನ್ ಹಾದುಹೋಗುತ್ತದೆ. ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ಕಣದ ಕಾಲ ನೆಲದ ಮೇಲಿನವರ ಲೆಕ್ಕದಲ್ಲಿ ನಿಧಾನವಾಗುತ್ತದೆ; ಆದ್ದರಿಂದಲೇ ಅದು ನೆಲ ಮುಟ್ಟುತ್ತದೆ. ಕೋಲಾರದ ಚಿನ್ನದ ಗಣಿಯೊಳಕ್ಕೆ ವಿಜ್ಞಾನಿಗಳು ಇಳಿದದ್ದು ಈ ಮ್ಯೂಆನ್‌ಗಳು ಎಷ್ಟು ಆಳದವರೆಗೆ ಹೋಗುತ್ತವೆಂದು ಅಳೆಯಲು. ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಅವುಗಳ ಸದ್ದು ಅಡಗಿದ ಮೇಲೆ, 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣಗಳ ಗುರುತು ಅಲ್ಲಿ ಸಿಕ್ಕಿತು. ಜಗತ್ತು ತಿರುಗಿ ನೋಡಿದ ಈ ಪ್ರಯೋಗ ಕನ್ನಡ ನೆಲದಲ್ಲೇ ನಡೆದಿದ್ದರೂ ಶಾಲೆಯ ಕನ್ನಡ ಪಾಠಗಳಲ್ಲಿ ಅದಕ್ಕೆ ದಕ್ಕಬೇಕಾದ ಜಾಗ ದಕ್ಕಿಲ್ಲ.

ಕೃಷ್ಣವಿವರದ ಕಥೆಯಲ್ಲಂತೂ ಕನ್ನಡ ಮನೆತನವೇ ಇದೆ. ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ ಸಿ.ವಿ. ವಿಶ್ವೇಶ್ವರ (1938–2017) ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಹಿಡಿದದ್ದು ನೇರವಾದ ಪ್ರಶ್ನೆ: ಒಳಗೆ ಹೋದದ್ದು ಹೊರಬಾರದ ವಸ್ತುವನ್ನು ಕಂಡುಕೊಳ್ಳುವುದು ಹೇಗೆ? ಕಂಚಿನ ಗಂಗಾಳ ಕೊಳ್ಳುವವರು ಬೆರಳಿನಿಂದ ಬಡಿದು ನಾದ ಕೇಳುತ್ತಾರೆ. ಹಾಗೆಯೇ ವಿಶ್ವೇಶ್ವರ ಲೆಕ್ಕದಲ್ಲಿ ಗುರುತ್ವದ ಅಲೆಯೊಂದನ್ನು ಕೃಷ್ಣವಿವರದತ್ತ ಎಸೆದು ಏನು ಹಿಂದಿರುಗುತ್ತದೆಂದು ನೋಡಿದರು. ಬೇಗ ಬೇಗ ಕುಗ್ಗಿ ಅಡಗುವ ಒಂದು ಕಂಪನ ಬಂತು. ಅದರ ಶ್ರುತಿಯೂ ಅಡಗುವ ವೇಗವೂ ಕೃಷ್ಣವಿವರದ ರಾಶಿಯನ್ನು ಅವಲಂಬಿಸಿದ್ದವು. ಅದು ಅಚ್ಚಾದದ್ದು 1970ರಲ್ಲಿ. ಕೃಷ್ಣವಿವರವೆಂಬುದು ನಿಜಕ್ಕೂ ಇದೆಯೇ ಎಂದು ವಿದ್ವಾಂಸರೇ ಅನುಮಾನಿಸುತ್ತಿದ್ದ ಕಾಲವದು. 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳು ಮೊದಲ ಗುರುತ್ವ ಅಲೆಯನ್ನು ಹಿಡಿದವು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ರಾಶಿಯ ಎರಡು ಕೃಷ್ಣವಿವರಗಳು ಒಂದಾಗಿ, ಮೂರು ಸೂರ್ಯರಷ್ಟು ರಾಶಿ ಅಲೆಯಾಗಿ ಹೊರಟುಹೋಗಿತ್ತು. ಆ ಅಲೆಯ ಕೊನೆಯ ತುಣುಕಿನಲ್ಲಿ ವಿಶ್ವೇಶ್ವರ ಲೆಕ್ಕಹಾಕಿದ್ದ ಬಗೆಯ ನಾದವಿತ್ತು. ಸುದ್ದಿ 2016ರ ಫೆಬ್ರುವರಿಯಲ್ಲಿ ಹೊರಬಿದ್ದಾಗ ಅದನ್ನು ಕೇಳಲು ಅವರು ಇದ್ದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಮೊದಲಿನಿಂದ ಕಟ್ಟಿ ಬೆಳೆಸಿದವರೂ ಅವರೇ. ಅಲ್ಲಿ ಪ್ರದರ್ಶನಗಳು ಕನ್ನಡದಲ್ಲೂ ನಡೆದವು. ಕೃಷ್ಣವಿವರಗಳ ಕುರಿತ ಅವರ ಸೊಗಸಾದ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿದೆ.

ಕಣ ಭೌತವಿಜ್ಞಾನಕ್ಕೆ ನಂತರದ ತಲೆಮಾರಿನಲ್ಲಿ ಸಿಕ್ಕ ಬರಹಗಾರ ಪಾಲಹಳ್ಳಿ ವಿಶ್ವನಾಥ್. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರು, ಹಿಗ್ಸ್ ಕಣದವರೆಗಿನ ಕಥೆಯನ್ನು 'ಕಣ ಕಣ ದೇವಕಣ'ದಲ್ಲಿ ಹೇಳಿದರು. ಇಲ್ಲೇ ಪದದ ಕಷ್ಟವೂ ಎದುರಾಗುತ್ತದೆ. 2012ರ ಜುಲೈ 4ರಂದು ಆ ಕಣ ಪತ್ತೆಯಾದ ಸುದ್ದಿ ಬಂದಾಗ ಪತ್ರಿಕೆಗಳು 'ದೇವಕಣ'ವನ್ನು ಹಿಡಿದುಕೊಂಡವು, ಓದುಗ ಅದರಲ್ಲಿ ದೇವರನ್ನು ಹುಡುಕಿದ. ಮೂಲಕಣಗಳಿಗೆ ರಾಶಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಕಷ್ಟವಿರುವುದು ಆ ಪದಗಳಲ್ಲಿ ಆಗಲೇ ತುಂಬಿಕೊಂಡಿರುವ ಅರ್ಥದಲ್ಲಿ. ಅಲೆ–ಕಣಗಳ 'ದ್ವೈತ' ಎಂದೊಡನೆ ಮಧ್ವಾಚಾರ್ಯರು ನೆನಪಾಗುತ್ತಾರೆ. 'ವೀಕ್ಷಕ' ಎಂದರೆ ವೇದಾಂತದ ಸಾಕ್ಷಿ ಬಂದು ಕೂರುತ್ತಾನೆ. ಪ್ರಯೋಗದಲ್ಲಿ ಆ ಕೆಲಸ ಮಾಡುವುದು ಒಂದು ಪತ್ತೆಯಂತ್ರ, ಅದಕ್ಕೆ ಮನಸ್ಸು ಬೇಕಿಲ್ಲ. ವಿಜಯಪುರ ಸೀಮೆಯಲ್ಲಿ ಇನ್ನೊಂದು ಮಾತು ರೂಢಿಗೆ ಬಂದಿದೆ: ಶರಣರ 'ಬಯಲು' ಕ್ವಾಂಟಮ್ ನಿರ್ವಾತವೇ ಎಂದು. ಬಯಲು ಅನುಭಾವದ ನೆಲೆ, ಬದುಕಿ ಮುಟ್ಟಬೇಕಾದದ್ದು. ಕ್ವಾಂಟಮ್ ನಿರ್ವಾತ ಒಂದು ವ್ಯವಸ್ಥೆಯ ಅತ್ಯಂತ ಕಡಿಮೆ ಶಕ್ತಿಯ ಸ್ಥಿತಿ. ಒತ್ತೊತ್ತಾಗಿ ಇಟ್ಟ ಎರಡು ಲೋಹದ ತಟ್ಟೆಗಳ ನಡುವೆ ಅದರ ಪರಿಣಾಮವನ್ನು ಒಂದು ಬಲದ ರೂಪದಲ್ಲಿ ಅಳೆಯಬಹುದು. ಎರಡನ್ನೂ ಒಂದೆಂದರೆ ವಚನವೂ ಬಡವಾಗುತ್ತದೆ, ಭೌತವಿಜ್ಞಾನವೂ ಬಡವಾಗುತ್ತದೆ.

ಎರಡು ಸೀಳುಗಳ ಪ್ರಯೋಗವನ್ನೇ ನೋಡಬಹುದು. ಆಲಮಟ್ಟಿಯ ಹಿನ್ನೀರಿನಲ್ಲಿ ಎರಡು ಕಲ್ಲು ಎಸೆದರೆ ಉಂಗುರಗಳು ಹಾಯ್ದಲ್ಲಿ ಕೆಲವೆಡೆ ನೀರು ಏಳುತ್ತದೆ, ಕೆಲವೆಡೆ ಸುಮ್ಮನಿರುತ್ತದೆ. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎರಡು ಸೀಳುಗಳತ್ತ ಬಿಟ್ಟರೂ ಪರದೆಯ ಮೇಲೆ ಕೊನೆಗೆ ಅದೇ ಪಟ್ಟೆಗಳು ಮೂಡುತ್ತವೆ. ಆದರೆ ಪ್ರತಿ ಎಲೆಕ್ಟ್ರಾನೂ ಬಿದ್ದದ್ದು ಒಂದು ಚುಕ್ಕಿಯಾಗಿ. ಯಾವ ಸೀಳಿನಿಂದ ಹೋಯಿತೆಂದು ಗುರುತಿಸುವ ವ್ಯವಸ್ಥೆ ಇಟ್ಟರೆ ಪಟ್ಟೆಗಳೇ ಅಳಿಯುತ್ತವೆ. ನೀರಿನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಮುಂದಿನದನ್ನು ಸಂಭವನೀಯತೆಯ ಗಣಿತವೇ ಹೇಳಬೇಕು. ಹೋಲಿಕೆ ಎಲ್ಲಿ ಮುರಿಯುತ್ತದೆಂದು ಹೇಳುವ ಬರಹ ಕನ್ನಡದಲ್ಲಿ ವಿರಳ.

ಆಕಾಶದ ಬಗ್ಗೆ ಕನ್ನಡ ಧಾರಾಳವಾಗಿ ಬರೆದಿದೆ, ಕ್ವಾಂಟಮ್ ಬಗ್ಗೆ ಜಿಪುಣವಾಗಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಗ್ರಂಥಮಾಲೆಯ ಕಿರುಹೊತ್ತಗೆಗಳು ಒಂದು ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಓದುಗರನ್ನು ಕಂಡವು. ದೂರದ ಎರಡು ಕಣಗಳ ನಡುವಿನ ಕ್ವಾಂಟಮ್ ನಂಟಿನ ಬಗ್ಗೆ ಬೆಲ್ ಎಂಬ ಭೌತವಿಜ್ಞಾನಿ 1964ರಲ್ಲಿ ಎತ್ತಿದ ಪ್ರಶ್ನೆಗೂ, ಅದನ್ನು ಪ್ರಯೋಗಕ್ಕೆ ಒಡ್ಡಿದ ಮೂವರಿಗೆ 2022ರಲ್ಲಿ ನೊಬೆಲ್ ಬಂದದ್ದಕ್ಕೂ ಅಂಥದೊಂದು ಹೊತ್ತಗೆ ಬೇಕಿದೆ. ಈ ನಂಟಿಗೆ (ಇಂಗ್ಲಿಷಿನಲ್ಲಿ ಎಂಟ್ಯಾಂಗಲ್‌ಮೆಂಟ್) 'ತೊಡಕು' ಎನ್ನುವುದಕ್ಕಿಂತ 'ಹೆಣಿಗೆ' ಒಪ್ಪುತ್ತದೆ: ಎಳೆಗಳನ್ನು ಬಿಡಿಬಿಡಿಯಾಗಿ ವರ್ಣಿಸಲಾಗದು, ಆದರೂ ಅದರ ಮೂಲಕ ಸಂದೇಶ ಕಳಿಸಲಾಗದು. ಅಂಥ ಹೊತ್ತಗೆಯಿಲ್ಲದೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಗೊಳಸಂಗಿಯ ಹುಡುಗಿ ಪಿಯುಸಿ ಎರಡನೆಯ ವರ್ಷದಲ್ಲಿ ಕಣಕ್ಕೂ ಅಲೆಯ ಗುಣವಿದೆಯೆನ್ನುವ ದ ಬ್ರಾಯ್‌ನ ಕಲ್ಪನೆಯನ್ನು ಮೊದಲ ಸಲ ಇಂಗ್ಲಿಷಿನಲ್ಲಿ ಎದುರಿಸುತ್ತಾಳೆ, ಪರೀಕ್ಷೆಗೆ ಬೇಕಾದ ಸೂತ್ರದ ರೂಪದಲ್ಲಿ.