ಭಾರತದಲ್ಲಿ ವಿಶ್ವವಿದ್ಯಾಲಯ ಅಧ್ಯಾಪಕರ ತರಬೇತಿ

ಭಾರತದಲ್ಲಿ ವಿಶ್ವವಿದ್ಯಾಲಯ ಅಧ್ಯಾಪಕರ ತರಬೇತಿ ಎಂಬುದು ವಿಶ್ವವಿದ್ಯಾಲಯಗಳಲ್ಲಿಯೂ ಅವುಗಳ ಸಂಯೋಜಿತ ಕಾಲೇಜುಗಳಲ್ಲಿಯೂ ಪಾಠ ಹೇಳುವ ಅಧ್ಯಾಪಕರಿಗೆ ನೇಮಕಾತಿಯ ನಂತರ ನೀಡಲಾಗುವ ಬೋಧನಾ ಶಿಕ್ಷಣ, ಅದನ್ನು ನಿಯಂತ್ರಿಸುವ ನಿಯಮಗಳು ಹಾಗೂ ಅದಕ್ಕೆ ಪೂರಕವಾದ ಸೌಲಭ್ಯಗಳನ್ನು ಒಳಗೊಂಡ ವ್ಯವಸ್ಥೆಯಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 1987ರಿಂದ ಸ್ಥಾಪಿಸುತ್ತ ಬಂದ ಶೈಕ್ಷಣಿಕ ಸಿಬ್ಬಂದಿ ಕಾಲೇಜುಗಳು ಇದರ ಮುಖ್ಯ ಸಂಸ್ಥೆಗಳು. ಇವು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ, 2023ರ ನಂತರ ಮಾಳವೀಯ ಮಿಷನ್ ಅಧ್ಯಾಪಕ ತರಬೇತಿ ಕೇಂದ್ರಗಳೆಂದೂ ಮರುನಾಮಕರಣಗೊಂಡಿವೆ. ತರಬೇತಿಯು ಆರಂಭದಿಂದಲೂ ಅಧ್ಯಾಪಕರ ಬಡ್ತಿಗೆ ಷರತ್ತಾಗಿರುವುದು ಈ ವ್ಯವಸ್ಥೆಯ ಪ್ರಧಾನ ಲಕ್ಷಣ. ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕರು ಬಹುಮಟ್ಟಿಗೆ ಇದರ ಹೊರಗೆ ಉಳಿಯಲು ಇದೇ ಕಾರಣವಾಗಿದೆ.

ಹಿನ್ನೆಲೆ

ಭಾರತದಲ್ಲಿ ಪ್ರೌಢಶಾಲೆಯ ಶಿಕ್ಷಕನಾಗಲು ಬಿ.ಎಡ್. ಪದವಿ ಬೇಕು. ಪದವಿ ಕಾಲೇಜಿನ ಅಧ್ಯಾಪಕನಾಗಲು ಅಂತಹ ಯಾವುದೇ ಬೋಧನಾ ಪದವಿ ಬೇಕಿಲ್ಲ. ಸಾಮಾನ್ಯ ವರ್ಗದ ಅಭ್ಯರ್ಥಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕಗಳು, ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಅಥವಾ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆ, ಇಲ್ಲವೇ ನಿಯಮಾನುಸಾರ ಪಡೆದ ಪಿಎಚ್.ಡಿ. ಇದ್ದರೆ ಸಾಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯವನ್ನು ಕುರಿತ ಪ್ರಶ್ನೆಗಳಿರುತ್ತವೆ. ಆದರೆ ಒಟ್ಟು 300 ಅಂಕಗಳಲ್ಲಿ ಆ ಪತ್ರಿಕೆಯ ಪಾಲು 100 ಮಾತ್ರ. ಅದರಲ್ಲಿಯೂ ತರ್ಕ, ಗಣಿತ, ಸಂವಹನ, ಪರಿಸರ ಮುಂತಾದ ವಿಷಯಗಳು ಸೇರಿರುತ್ತವೆ. ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳೇ. ಆದ್ದರಿಂದ ಅಭ್ಯರ್ಥಿಯು ತರಗತಿಯ ಮುಂದೆ ನಿಂತು ಪಾಠ ಮಾಡಬಲ್ಲನೇ ಎಂಬುದನ್ನು ಈ ಪರೀಕ್ಷೆ ಅಳೆಯುವುದಿಲ್ಲ. ವಿಷಯವನ್ನು ಚೆನ್ನಾಗಿ ಬಲ್ಲವನು ಅದನ್ನು ಚೆನ್ನಾಗಿಯೇ ಕಲಿಸುತ್ತಾನೆ ಎಂಬ ಹಳೆಯ ನಂಬಿಕೆ ಈ ನಿಯಮಗಳ ಹಿಂದೆ ಇದೆ.

ಈ ಕೊರತೆಯನ್ನು ಸ್ವಾತಂತ್ರ್ಯಾನಂತರದ ಆಯೋಗಗಳು ಗಮನಿಸದೆ ಇರಲಿಲ್ಲ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948–49) ಅಧ್ಯಾಪಕರಿಗೆ ಪುನಶ್ಚೇತನ ಶಿಬಿರಗಳ ಅಗತ್ಯವನ್ನು ಪ್ರಸ್ತಾಪಿಸಿತು. ಕೊಠಾರಿ ಆಯೋಗವು (1964–66) ಹೊಸದಾಗಿ ಸೇರಿದ ಅಧ್ಯಾಪಕರಿಗೆ ಪರಿಚಯಾತ್ಮಕ ತರಬೇತಿ ದೊರೆಯಬೇಕೆಂದಿತು. 1960ರ ದಶಕದಲ್ಲಿ ವಿಜ್ಞಾನ ಅಧ್ಯಾಪಕರಿಗಾಗಿ ಬೇಸಿಗೆ ಶಿಬಿರಗಳು ನಡೆದವು. 1970ರ ದಶಕದಲ್ಲಿ ಕಾಲೇಜು ವಿಜ್ಞಾನ ಸುಧಾರಣಾ ಕಾರ್ಯಕ್ರಮದಂತಹ ಯೋಜನೆಗಳು ಬಂದವು. ಎಂಜಿನಿಯರಿಂಗ್ ಅಧ್ಯಾಪಕರಿಗೆ 1970ರಲ್ಲಿಯೇ ಗುಣಮಟ್ಟ ಸುಧಾರಣಾ ಕಾರ್ಯಕ್ರಮ (ಕ್ಯೂಐಪಿ) ಆರಂಭವಾಗಿ, ಐಐಟಿಗಳಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅವರು ವೇತನಸಹಿತವಾಗಿ ಉನ್ನತ ವ್ಯಾಸಂಗ ಮಾಡುವ ಅವಕಾಶ ದೊರೆಯಿತು. ಕಲೆ, ವಾಣಿಜ್ಯ ಮತ್ತು ಮೂಲವಿಜ್ಞಾನಗಳ ಅಧ್ಯಾಪಕರಿಗೆ ಇಂತಹ ಶಾಶ್ವತ ಏರ್ಪಾಡು ಬರಲು ಇನ್ನೂ ಹದಿನೇಳು ವರ್ಷ ಹಿಡಿಯಿತು.

ಶೈಕ್ಷಣಿಕ ಸಿಬ್ಬಂದಿ ಕಾಲೇಜುಗಳ ಸ್ಥಾಪನೆ

1980ರ ದಶಕದ ಮಧ್ಯಭಾಗದಲ್ಲಿ ಮೂರು ಬೆಳವಣಿಗೆಗಳು ಒಟ್ಟುಗೂಡಿದವು. ಉನ್ನತ ಶಿಕ್ಷಣದ ಅಧ್ಯಾಪಕರನ್ನು ಕುರಿತು ರಯೀಸ್ ಅಹ್ಮದ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗವು ವರದಿ ನೀಡಿತು, 1986ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಟವಾಯಿತು, ಆರ್. ಸಿ. ಮೆಹ್ರೋತ್ರಾ ಸಮಿತಿಯು ಅಧ್ಯಾಪಕರ ವೇತನ ಪರಿಷ್ಕರಣೆಯನ್ನು ಪರಿಶೀಲಿಸಿತು. ಇವುಗಳ ಫಲವಾಗಿ 1986ರ ಜನವರಿ 1ರಿಂದ ಪೂರ್ವಾನ್ವಯವಾಗುವಂತೆ ಹೊಸ ವೇತನ ಶ್ರೇಣಿಗಳು ಜಾರಿಗೆ ಬಂದವು. ಉಪನ್ಯಾಸಕನು ಎಂಟು ವರ್ಷಗಳ ಸೇವೆಯ ನಂತರ ಹಿರಿಯ ಶ್ರೇಣಿಗೆ ಏರಬಹುದಾಗಿತ್ತು. ಆದರೆ ಅದಕ್ಕಾಗಿ ತಲಾ ಸುಮಾರು ನಾಲ್ಕು ವಾರಗಳ ಎರಡು ಶಿಬಿರಗಳಲ್ಲಿ ಭಾಗವಹಿಸಿರಬೇಕಾಗಿತ್ತು. ಹೀಗೆ ಷರತ್ತು ಹಾಕಿದ ಮೇಲೆ ಶಿಬಿರಗಳನ್ನು ನಡೆಸುವ ಸಂಸ್ಥೆಗಳೂ ಬೇಕಾದವು. 1987ರಲ್ಲಿ ಆಯ್ದ ವಿಶ್ವವಿದ್ಯಾಲಯಗಳಲ್ಲಿ ಶೈಕ್ಷಣಿಕ ಸಿಬ್ಬಂದಿ ಕಾಲೇಜುಗಳು ಹುಟ್ಟಿಕೊಂಡದ್ದು ಈ ಸಂದರ್ಭದಲ್ಲಿ.

ಕಾಲೇಜುಗಳನ್ನು ನಡೆಸುವುದು ರಾಜ್ಯಗಳಾಗಿದ್ದರೂ ಕೇಂದ್ರದ ಷರತ್ತು ಎಲ್ಲೆಡೆ ಅನ್ವಯವಾದದ್ದಕ್ಕೆ ಎರಡು ಕಾರಣಗಳಿವೆ. ಉನ್ನತ ಶಿಕ್ಷಣದ ಗುಣಮಟ್ಟದ ನಿರ್ಧಾರವು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ ಎಂಬುದು ಮೊದಲನೆಯದು. 1956ರ ಯುಜಿಸಿ ಕಾಯಿದೆಯ ಅಧಿಕಾರವು ಅದರಿಂದಲೇ ಬಂದುದು. ಎರಡನೆಯದು ಹಣ. ಪರಿಷ್ಕೃತ ವೇತನದಿಂದ ಉಂಟಾಗುವ ಹೆಚ್ಚುವರಿ ವೆಚ್ಚದ ಶೇಕಡ 80 ಭಾಗವನ್ನು 1990ರ ಮಾರ್ಚ್‌ವರೆಗೆ ತಾನು ಭರಿಸುವುದಾಗಿಯೂ, ರಾಜ್ಯಗಳು ಯೋಜನೆಯನ್ನು ಸಮಗ್ರವಾಗಿ ಒಪ್ಪಬೇಕೆಂದೂ ಕೇಂದ್ರ ಸರ್ಕಾರ ತಿಳಿಸಿತು. ವ್ಯವಹಾರದಲ್ಲಿ ಕಾಯಿದೆಗಿಂತ ಈ ಅನುದಾನವೇ ಹೆಚ್ಚು ಕೆಲಸ ಮಾಡಿತೆನ್ನಬಹುದು.

ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳು ಇಂತಹ ಕೇಂದ್ರಗಳನ್ನು ಪಡೆದವು. ಕನ್ನಡ ಅಧ್ಯಾಪಕರ ಪುನಶ್ಚೇತನ ಶಿಬಿರಗಳು ಕನ್ನಡದಲ್ಲಿಯೇ ನಡೆಯುತ್ತವೆ. ಉಳಿದ ವಿಷಯಗಳ ಶಿಬಿರಗಳ ಮಾಧ್ಯಮ ಬಹುತೇಕ ಇಂಗ್ಲಿಷ್. ಅವುಗಳಲ್ಲಿ ಭಾಗವಹಿಸುವ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಅನೇಕ ಅಧ್ಯಾಪಕರು ಮರಳಿ ಹೋಗಿ ಪಾಠ ಮಾಡುವುದು ಮಾತ್ರ ಕನ್ನಡ ಮಾಧ್ಯಮದ ತರಗತಿಗಳಿಗೆ.

ತರಬೇತಿಯ ಸ್ವರೂಪ

ಆರಂಭದಿಂದಲೂ ಎರಡು ಬಗೆಯ ತರಬೇತಿಗಳಿವೆ. ಹೊಸಬರಿಗೆ ಓರಿಯಂಟೇಶನ್ ಕೋರ್ಸ್. ಸೇವೆಯಲ್ಲಿ ಕೆಲವು ವರ್ಷ ಕಳೆದವರಿಗೆ ತಮ್ಮ ವಿಷಯದಲ್ಲಿ ರಿಫ್ರೆಶರ್ ಕೋರ್ಸ್, ಅಂದರೆ ಪುನಶ್ಚೇತನ ಶಿಬಿರ. ಓರಿಯಂಟೇಶನ್ ಕೋರ್ಸ್ ನಾಲ್ಕು ವಾರಗಳದಾಗಿತ್ತು. ಭಾನುವಾರಗಳನ್ನು ಬಿಟ್ಟು 24 ಕೆಲಸದ ದಿನಗಳು, ದಿನಕ್ಕೆ ಆರು ಗಂಟೆಯಂತೆ 144 ಗಂಟೆಗಳು. ಪುನಶ್ಚೇತನ ಶಿಬಿರವು ಬಹುಕಾಲ ಮೂರು ವಾರಗಳದಾಗಿತ್ತು. ಈಚೆಗೆ ಎರಡು ವಾರಗಳಿಗೆ ಇಳಿದಿದೆ. ಓರಿಯಂಟೇಶನ್ ಕೋರ್ಸಿನ ಪಠ್ಯದಲ್ಲಿ ಸಮಾಜ, ಪರಿಸರ ಹಾಗೂ ಅಭಿವೃದ್ಧಿಗೆ ಶಿಕ್ಷಣದ ಸಂಬಂಧ, ಶಿಕ್ಷಣದ ತತ್ತ್ವ ಮತ್ತು ಬೋಧನಾ ವಿಧಾನ, ಮಾಹಿತಿ ಸಂಪನ್ಮೂಲಗಳ ಪರಿಚಯ, ನಿರ್ವಹಣೆ ಮತ್ತು ವ್ಯಕ್ತಿತ್ವ ವಿಕಸನ ಎಂಬ ನಾಲ್ಕು ಭಾಗಗಳಿದ್ದವು. ಬೋಧನೆಯ ಕೌಶಲಕ್ಕೆ ನೇರವಾಗಿ ಸಂಬಂಧಿಸಿದ್ದು ಇವುಗಳಲ್ಲಿ ಒಂದು ಭಾಗ ಮಾತ್ರ.

ಶಿಬಿರದ ದಿನಚರಿಯು ಮುಖ್ಯವಾಗಿ ಆಹ್ವಾನಿತ ಸಂಪನ್ಮೂಲ ವ್ಯಕ್ತಿಗಳ ಉಪನ್ಯಾಸಗಳಿಂದ ಕೂಡಿರುತ್ತದೆ. ಉಪನ್ಯಾಸಕ್ಕಿಂತ ಭಿನ್ನವಾದ ಬೋಧನಾ ಕ್ರಮಗಳನ್ನು ಪರಿಚಯಿಸಬೇಕಾದ ತರಬೇತಿಯೂ ಉಪನ್ಯಾಸಗಳ ಸರಣಿಯಾಗಿಬಿಡುವುದು ಈ ವ್ಯವಸ್ಥೆಯ ಮೇಲಿರುವ ಹಳೆಯ ಟೀಕೆ. ಶಿಬಿರಾರ್ಥಿಯೇ ಸಹೋದ್ಯೋಗಿಗಳ ಮುಂದೆ ಕೆಲವು ನಿಮಿಷಗಳ ಪಾಠ ಮಾಡಿ ಅವರಿಂದ ಅಭಿಪ್ರಾಯ ಪಡೆಯುವ ಸೂಕ್ಷ್ಮ ಬೋಧನೆಯ ಅವಧಿಗಳು ಈ ಮಾತಿಗೆ ಅಪವಾದ. ಬೇರೆ ಬೇರೆ ಜಿಲ್ಲೆ ಹಾಗೂ ರಾಜ್ಯಗಳ ಅಧ್ಯಾಪಕರು ವಾರಗಟ್ಟಲೆ ಒಂದೇ ವಸತಿಗೃಹದಲ್ಲಿದ್ದು ತಮ್ಮ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಬಗ್ಗೆ ನಡೆಸುವ ಚರ್ಚೆಯು ವೇಳಾಪಟ್ಟಿಯಲ್ಲಿ ಇಲ್ಲದಿದ್ದರೂ ವಸತಿ ಶಿಬಿರಗಳ ದೊಡ್ಡ ಪ್ರಯೋಜನವಾಗಿತ್ತು. 2020ರಲ್ಲಿ ಕೋವಿಡ್ ಕಾರಣದಿಂದ ಶಿಬಿರಗಳು ಆನ್‌ಲೈನ್‌ಗೆ ಬಂದವು. ನಂತರವೂ ಅವುಗಳಲ್ಲಿ ಅನೇಕವು ಹಾಗೆಯೇ ಮುಂದುವರಿದವು. ಪ್ರಯಾಣ ಮತ್ತು ರಜೆಯ ತೊಡಕು ಇದರಿಂದ ತಪ್ಪಿತು. ಸಣ್ಣ ಮಕ್ಕಳಿರುವ ಅಧ್ಯಾಪಕಿಯರಿಗೂ ದೂರದ ತಾಲ್ಲೂಕುಗಳಲ್ಲಿರುವವರಿಗೂ ಇದು ನಿಜವಾದ ಅನುಕೂಲ. ಆ ಚರ್ಚೆ ಮಾತ್ರ ಕಣ್ಮರೆಯಾಯಿತು.

ಓರಿಯಂಟೇಶನ್ ಕೋರ್ಸಿನ ಸ್ಥಾನದಲ್ಲಿ ಅಧ್ಯಾಪಕ ಪ್ರವೇಶ ತರಬೇತಿಯನ್ನು ರೂಪಿಸಿದ ಯುಜಿಸಿ, ಅದರ ಮಾರ್ಗಸೂಚಿಯನ್ನು 2019ರಲ್ಲಿ 'ಗುರು-ದಕ್ಷತಾ' ಎಂಬ ಹೆಸರಿನಲ್ಲಿ ಹೊರತಂದಿತು. ಪಾಠ ಯೋಜನೆ, ಮೌಲ್ಯಮಾಪನ, ತಂತ್ರಜ್ಞಾನದ ಬಳಕೆ ಮುಂತಾದವುಗಳಿಗೆ ಇದರಲ್ಲಿ ಹಿಂದಿಗಿಂತ ಹೆಚ್ಚಿನ ಸ್ಥಾನವಿದೆ.

ಬಡ್ತಿಯ ನಂಟು

ಸದ್ಯದ ನಿಯಮಗಳಿಗೆ ಯುಜಿಸಿಯು 2018ರ ಜುಲೈ 18ರಂದು ಹೊರಡಿಸಿದ ನಿಬಂಧನೆಗಳು ಆಧಾರ. ಅವುಗಳ ಪ್ರಕಾರ 10ನೇ ಹಂತದಲ್ಲಿ ಸೇವೆಗೆ ಸೇರುವ ಸಹಾಯಕ ಪ್ರಾಧ್ಯಾಪಕರು ಪಿಎಚ್.ಡಿ. ಇದ್ದರೆ ನಾಲ್ಕು, ಎಂ.ಫಿಲ್. ಇದ್ದರೆ ಐದು, ಎರಡೂ ಇಲ್ಲದಿದ್ದರೆ ಆರು ವರ್ಷಗಳ ನಂತರ 11ನೇ ಹಂತಕ್ಕೆ ಅರ್ಹರಾಗುತ್ತಾರೆ. ಅಷ್ಟರೊಳಗೆ 21 ದಿನಗಳ ಓರಿಯಂಟೇಶನ್ ಕೋರ್ಸನ್ನೂ ಒಂದು ಪುನಶ್ಚೇತನ ಅಥವಾ ಸಂಶೋಧನಾ ವಿಧಾನದ ಕೋರ್ಸನ್ನೂ ಪೂರೈಸಿರಬೇಕು. ಮುಂದಿನ ಹಂತಗಳಿಗೂ ಇಂತಹ ಷರತ್ತುಗಳಿವೆ.

ತರಗತಿಯ ಬೋಧನೆಯನ್ನು ಅಳೆಯುವ ವಿಧಾನ ಇದಕ್ಕಿಂತ ಸರಳ. ನಿಗದಿಯಾದ ತರಗತಿಗಳಲ್ಲಿ ಶೇಕಡ 80 ಅಥವಾ ಅದಕ್ಕಿಂತ ಹೆಚ್ಚನ್ನು ತೆಗೆದುಕೊಂಡಿದ್ದರೆ 'ಉತ್ತಮ', 70ರಿಂದ 80ರೊಳಗಿದ್ದರೆ 'ತೃಪ್ತಿಕರ', ಅದಕ್ಕಿಂತ ಕಡಿಮೆಯಿದ್ದರೆ 'ಅತೃಪ್ತಿಕರ'. ಪಾಠ ಹೇಗಿತ್ತು ಎಂಬುದಕ್ಕೆ ಈ ಕೋಷ್ಟಕದಲ್ಲಿ ಜಾಗವಿಲ್ಲ. ತರಬೇತಿಯ ವಿಷಯದಲ್ಲಿಯೂ ಹೀಗೆಯೇ: ಬಡ್ತಿಯ ಕಡತಕ್ಕೆ ಬೇಕಾಗುವುದು ಪ್ರಮಾಣಪತ್ರ. ಶಿಬಿರದಿಂದ ಮರಳಿದ ಮೇಲೆ ಪಾಠದಲ್ಲಿ ಏನಾದರೂ ಬದಲಾಯಿತೇ ಎಂದು ಕೇಳುವ ವಿಧಾನವನ್ನು ನಿಯಮಗಳು ರೂಪಿಸಿಲ್ಲ.

ಪ್ರಮಾಣಪತ್ರವು ಅನಿವಾರ್ಯವಾದ್ದರಿಂದ ಸೀಟುಗಳಿಗೆ ಸದಾ ಬೇಡಿಕೆಯಿದೆ. ಪಾಠಗಳು ನಡೆಯುತ್ತಿರುವಾಗ ಅಧ್ಯಾಪಕರನ್ನು ಅನ್ಯ ಕಾರ್ಯ ನಿಮಿತ್ತ ಬಿಡುಗಡೆ ಮಾಡಲು ಪ್ರಾಂಶುಪಾಲರು ಹಿಂಜರಿಯುವುದುಂಟು. ಒಂದು ವಿಷಯಕ್ಕೆ ಒಬ್ಬರೇ ಅಧ್ಯಾಪಕರಿರುವ ಗ್ರಾಮೀಣ ಕಾಲೇಜುಗಳಲ್ಲಿ ಇದು ಸಹಜವೂ ಹೌದು. ಅಂಥವರ ಬಡ್ತಿ ತಡವಾಗದಿರಲೆಂದು ಶಿಬಿರಗಳನ್ನು ಪೂರೈಸುವ ಗಡುವನ್ನು ಯುಜಿಸಿ ಹಲವು ಬಾರಿ ವಿಸ್ತರಿಸಿದೆ.

ಕಾರ್ಯಭಾರ ಮತ್ತು ರಜೆ

2018ರ ನಿಬಂಧನೆಗಳು ಪೂರ್ಣಾವಧಿ ಅಧ್ಯಾಪಕರಿಗೆ ವರ್ಷಕ್ಕೆ 30 ವಾರ, ಅಂದರೆ 180 ಬೋಧನಾ ದಿನ, ವಾರಕ್ಕೆ 40 ಗಂಟೆಗಳ ಕೆಲಸವನ್ನು ಗೊತ್ತುಪಡಿಸುತ್ತವೆ. ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ. ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ. ಅನುಭವ ಕಡಿಮೆಯಿರುವವರಿಗೇ ಹೆಚ್ಚು ತರಗತಿಗಳು ಎಂಬುದು ಇದರ ಅರ್ಥ. ಕಾಯಂ ಅಧ್ಯಾಪಕರಿಗೆ ಅಧ್ಯಯನ ರಜೆಯ ಅವಕಾಶವಿದೆ. ಹಿರಿಯ ಹುದ್ದೆಗಳಲ್ಲಿ ಏಳು ವರ್ಷ ಪೂರೈಸಿದವರು ಸಂಶೋಧನೆ ಅಥವಾ ಗ್ರಂಥರಚನೆಗಾಗಿ ಒಮ್ಮೆಗೆ ಒಂದು ವರ್ಷದವರೆಗೆ, ಸೇವಾವಧಿಯಲ್ಲಿ ಒಟ್ಟು ಎರಡು ವರ್ಷ ಮೀರದಂತೆ ಸಬ್ಬಾಟಿಕಲ್ ರಜೆ ಪಡೆಯಬಹುದು.

ಅತಿಥಿ ಉಪನ್ಯಾಸಕರು

ಈ ಎಲ್ಲ ನಿಯಮಗಳೂ ಅಧ್ಯಾಪಕರೆಂದರೆ ಕಾಯಂ ಹುದ್ದೆಯಲ್ಲಿರುವವರು ಎಂದು ಭಾವಿಸಿ ಬರೆದವು. ಗುತ್ತಿಗೆ ನೇಮಕಗಳು ಒಟ್ಟು ಹುದ್ದೆಗಳ ಶೇಕಡ 10ನ್ನು ಮೀರಬಾರದೆಂದು ಅದೇ ನಿಬಂಧನೆಗಳು ಹೇಳುತ್ತವೆ. ವಾಸ್ತವ ಬೇರೆ. ಕರ್ನಾಟಕದ ನಾಲ್ಕು ನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದು, ಅನೇಕ ಕಾಲೇಜುಗಳಲ್ಲಿ ಕೆಲವು ವಿಭಾಗಗಳು ಅವರನ್ನೇ ಅವಲಂಬಿಸಿವೆ. ಅವರಿಗೆ ಬಡ್ತಿಯಿಲ್ಲ; ಆದ್ದರಿಂದ ಬಡ್ತಿಗಾಗಿ ರೂಪಿಸಿದ ತರಬೇತಿಯನ್ನು ಪಡೆಯಬೇಕೆಂಬ ಒತ್ತಾಯವೂ ಇಲ್ಲ, ಪಡೆದರೆ ಪ್ರತಿಫಲವೂ ಇಲ್ಲ. ಮೂರು ವರ್ಷ ಬೋಧಿಸಿದ ತಾತ್ಕಾಲಿಕ ಅಧ್ಯಾಪಕರನ್ನು ಶಿಬಿರಗಳಿಗೆ ಸೇರಿಸಿಕೊಳ್ಳಲು ಯುಜಿಸಿ ಮಾರ್ಗಸೂಚಿಗಳು ಅವಕಾಶ ನೀಡಿದ್ದವು. ಆದರೆ ನಡೆಸಿದ ಪಾಠಕ್ಕೆ ಮಾತ್ರ ಗೌರವಧನ ಪಡೆಯುವವರು ನಾಲ್ಕು ವಾರ ತರಗತಿ ಬಿಟ್ಟು ಹೋಗುವುದು ಸುಲಭವಲ್ಲ.

2019ರಲ್ಲಿ ಯುಜಿಸಿಯು ಅತಿಥಿ ಅಧ್ಯಾಪಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ನಿಗದಿಪಡಿಸಿತು. ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಆಗ ದೊರೆಯುತ್ತಿದ್ದುದು ಅರ್ಹತೆಗೆ ತಕ್ಕಂತೆ ಮಾಸಿಕ 11,000 ಅಥವಾ 13,000 ರೂಪಾಯಿ. ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಸರ್ಕಾರವು ಇದನ್ನು 26,000ದಿಂದ 32,000 ರೂಪಾಯಿವರೆಗೆ ಏರಿಸಿ, ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಹೆಚ್ಚಿಸಿತು. ಒಬ್ಬರ ಪಾಲಿನ ತರಗತಿಗಳು ಹೆಚ್ಚಿದ್ದರಿಂದ ಬೇಕಾಗುವವರ ಸಂಖ್ಯೆ ಇಳಿದು, ಕೆಲವರು ಕೆಲಸ ಕಳೆದುಕೊಂಡರು. ಕಾಯಂ ಸಹಾಯಕ ಪ್ರಾಧ್ಯಾಪಕರ 16 ಗಂಟೆಗೂ ಅತಿಥಿ ಉಪನ್ಯಾಸಕರ 15 ಗಂಟೆಗೂ ಇರುವ ಅಂತರ ಒಂದು ಗಂಟೆ ಮಾತ್ರ. ಸೇವಾಭದ್ರತೆ ಮತ್ತು ಕಾಯಮಾತಿಯ ಬೇಡಿಕೆಗಳು ನಂತರವೂ ಮುಂದುವರಿದಿವೆ.

ಗ್ರಂಥಾಲಯ ಮತ್ತು ಅಂತರಜಾಲ ಸಂಪನ್ಮೂಲಗಳು

ಶಿಬಿರಗಳಿಗೆ ಹೋಗಲಾಗದವರಿಗೂ ದೊರೆಯುವ ನೆರವು ಹೆಚ್ಚಾಗಿ ಅಂತರಜಾಲದಲ್ಲಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಎನ್-ಲಿಸ್ಟ್ ಯೋಜನೆಯ ಮೂಲಕ ಕಾಲೇಜುಗಳಿಗೆ ವಿದ್ಯುನ್ಮಾನ ಪುಸ್ತಕ ಮತ್ತು ನಿಯತಕಾಲಿಕೆಗಳನ್ನು ಒದಗಿಸುತ್ತದೆ. ಅದೇ ಕೇಂದ್ರದ ಶೋಧಗಂಗಾ ಭಂಡಾರದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಎಲ್ಲರಿಗೂ ಮುಕ್ತವಾಗಿವೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತಲುಪಿಸುವ ಉದ್ದೇಶ ಹೊಂದಿದ್ದು, ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಿಡಲಾಗಿದೆ.

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳು ವಿದ್ಯಾರ್ಥಿಗಳಿಗಾಗಿ ಸಿದ್ಧವಾದರೂ ಅಧ್ಯಾಪಕರೂ ಅವುಗಳನ್ನು ವ್ಯಾಪಕವಾಗಿ ಬಳಸುತ್ತಾರೆ. 2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯಲ್ಲಿ ಮರುವರ್ಷ ಅರ್ಪಿತ್ ಎಂಬ ವಾರ್ಷಿಕ ಪುನಶ್ಚೇತನ ಕಾರ್ಯಕ್ರಮವನ್ನು ಸೇರಿಸಲಾಯಿತು. 40 ಗಂಟೆಗಳ ಈ ಕೋರ್ಸನ್ನು ಮುಗಿಸಿ ಮೇಲ್ವಿಚಾರಣೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬಡ್ತಿಗಾಗಿ ಅದನ್ನು ಒಂದು ಪುನಶ್ಚೇತನ ಶಿಬಿರಕ್ಕೆ ಸಮವೆಂದು ಪರಿಗಣಿಸಲಾಯಿತು. ಕೊಠಡಿಯಲ್ಲಿ ಕುಳಿತು ಸಹಿ ಮಾಡುವುದರ ಬದಲು ಪರೀಕ್ಷೆ ಬರೆಯಬೇಕಾದ್ದರಿಂದ ಇದು ಹಳೆಯ ಕ್ರಮಕ್ಕಿಂತ ಕಠಿಣ. ವಿಡಿಯೊ ಪಾಠಗಳ ನಿರ್ಮಾಣದಲ್ಲಿ ಮೈಸೂರಿನ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರವೂ ತೊಡಗಿದೆ. ಕನ್ನಡದಲ್ಲಿ ಪದವಿ ಮಟ್ಟದ ಸಾಮಗ್ರಿ ಇಂಗ್ಲಿಷಿಗೆ ಹೋಲಿಸಿದರೆ ಬಹಳ ಕಡಿಮೆ.

ಮಾಳವೀಯ ಮಿಷನ್

ಪಂಡಿತ ಮದನಮೋಹನ ಮಾಳವೀಯರ ಹೆಸರಿನ ರಾಷ್ಟ್ರೀಯ ಅಧ್ಯಾಪಕ ಮಿಷನ್ 2014ರ ಡಿಸೆಂಬರ್ 25ರಂದು ಆರಂಭವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಗೆ ಹೊಂದಿಕೊಳ್ಳುವಂತೆ 2023ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ಸಂದರ್ಭದಲ್ಲಿ, ಮಾಳವೀಯ ಮಿಷನ್ ಅಧ್ಯಾಪಕ ತರಬೇತಿ ಕಾರ್ಯಕ್ರಮಕ್ಕೆ ಚಾಲನೆ ದೊರೆಯಿತು. 111 ಕೇಂದ್ರಗಳ ಮೂಲಕ 15 ಲಕ್ಷ ಅಧ್ಯಾಪಕರನ್ನು ತಲುಪುವ ಗುರಿಯನ್ನು ಘೋಷಿಸಲಾಯಿತು. ಬಹುಶಿಸ್ತೀಯ ಶಿಕ್ಷಣ, ಭಾರತೀಯ ಜ್ಞಾನ ಪರಂಪರೆ, ಆಡಳಿತ ಮತ್ತು ನಾಯಕತ್ವ, ಸಂಶೋಧನೆ, ಕೌಶಲಾಭಿವೃದ್ಧಿ, ವಿದ್ಯಾರ್ಥಿ ವೈವಿಧ್ಯ, ಮಾಹಿತಿ ತಂತ್ರಜ್ಞಾನ ಮುಂತಾದ ಎಂಟು ವಿಷಯಗಳು ಇದರ ಪಠ್ಯದಲ್ಲಿವೆ. ನೀತಿಯನ್ನು ಪರಿಚಯಿಸುವ ಎಂಟು ದಿನಗಳ ಆನ್‌ಲೈನ್ ತರಬೇತಿಯೂ ಇದರ ಭಾಗ.