ಒಂದು ಡೇಟಾಬೇಸ್‌ಗೆ ಬರೆದ ಎಸ್‌ಕ್ಯೂಎಲ್ ಇನ್ನೊಂದರಲ್ಲೂ ಹಾಗೇ ನಡೆಯುತ್ತದೆಯೇ?

‘ಎಸ್‌ಕ್ಯೂಎಲ್ ಒಮ್ಮೆ ಕಲಿತರೆ ಸಾಕು, ಎಲ್ಲ ಡೇಟಾಬೇಸ್‌ಗೂ ಅದೇ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ.

ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್. ಇದಕ್ಕೆ ಅಮೆರಿಕದ ಆನ್ಸಿ ಸಂಸ್ಥೆಯ ಮಾನದಂಡ ಬಂದದ್ದು 1986ರಲ್ಲಿ. ಒರಾಕಲ್‌ನಂಥವು ಅದಕ್ಕೂ ಮೊದಲೇ ಮಾರುಕಟ್ಟೆಯಲ್ಲಿದ್ದವು. ನಂತರ ಬಂದವೂ ತಮ್ಮದೇ ರೂಪಗಳನ್ನು ಸೇರಿಸಿಕೊಂಡವು.

ಮೊದಲ 10 ಸಾಲು ಬೇಕೆಂದರೆ ಮೈಎಸ್‌ಕ್ಯೂಎಲ್‌ನಲ್ಲಿ ‘ಲಿಮಿಟ್ 10’, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಟಾಪ್ 10’. ಅದಲು ಬದಲಾದರೆ ಎರರ್ ಬರುತ್ತದೆ, ನಾವು ತಿದ್ದುತ್ತೇವೆ. ಅಷ್ಟೇ.

ನಿಜವಾದ ಅಪಾಯ, ಎರರ್ ತೋರಿಸದೆ ಬೇರೆಯೇ ಉತ್ತರ ಕೊಡುವ ಸಾಲುಗಳದ್ದು:

• 7/2 ಎಂದರೆ ಮೈಎಸ್‌ಕ್ಯೂಎಲ್‌ಗೆ 3.5, ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ 3. ಎರಡೂ ಪೂರ್ಣಾಂಕಗಳಾದ್ದರಿಂದ ಅದು ದಶಮಾಂಶವನ್ನು ಬಿಟ್ಟುಬಿಡುತ್ತದೆ.
• || ಚಿಹ್ನೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಎರಡು ಪದಗಳನ್ನು ಜೋಡಿಸುತ್ತದೆ. ಮೈಎಸ್‌ಕ್ಯೂಎಲ್‌ನ ಮೂಲ ಸೆಟ್ಟಿಂಗ್‌ನಲ್ಲಿ ಅದರ ಅರ್ಥ ‘ಅಥವಾ’. ಹೆಸರುಗಳನ್ನು ಜೋಡಿಸಲು ಹೋದರೆ 0 ಸಿಗುತ್ತದೆ.
• ಖಾಲಿ ಪಠ್ಯವನ್ನು ಒರಾಕಲ್ ‘ನಲ್’, ಅಂದರೆ ಮೌಲ್ಯವೇ ಇಲ್ಲ, ಎಂದು ಪರಿಗಣಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಇವೆರಡೂ ಬೇರೆ ಬೇರೆ.

ಅಂಕಗಳ ಸರಾಸರಿಯಲ್ಲೋ ಬಿಲ್ಲಿನಲ್ಲೋ ಅರ್ಧ ಮಾಯವಾದರೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಹಾಗಾದರೆ ಏನು ಮಾಡಬೇಕು? 7/2 ಬದಲು 7.0/2 ಎಂದು ಬರೆದರೆ ಎರಡೂ ಕಡೆ 3.5 ಸಿಗುತ್ತದೆ. ಹೀಗೆ ಅರ್ಥ ಸ್ಪಷ್ಟವಿರುವ ರೂಪವನ್ನೇ ಬಳಸಿ. ಹಳೆಯದನ್ನು ನಿಲ್ಲಿಸುವ ಮುನ್ನ ಒಂದೇ ಮಾಹಿತಿಯ ಮೇಲೆ ಎರಡರಲ್ಲೂ ಪ್ರಶ್ನೆಗಳನ್ನು ಓಡಿಸಿ, ಉತ್ತರಗಳನ್ನು ಹೋಲಿಸಿ ನೋಡಿ. ಎರರ್ ಬರಲಿಲ್ಲ ಎಂದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ.